ತಾಮ್ರ ಕೆಳಗೆ, ನಿಕ್ಕಲ್ ಮೇಲೆ

ಪೀಣ್ಯದಲ್ಲಿ ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶಾಪ್‌ಗಳಿಂದ ನಮ್ಮ ಲ್ಯಾಬಿಗೆ ಬರುವ ನೀರು ಎಷ್ಟೋ ಸಲ ಹಳೇ ಕೂಲ್‌ಡ್ರಿಂಕ್ ಬಾಟಲಿಯಲ್ಲೇ ಇರುತ್ತದೆ. ಮುಚ್ಚಳ ತೆಗೆದರೆ ಇನ್ನೂ ಕಿತ್ತಳೆ ವಾಸನೆ. ಅಂಥದ್ದನ್ನು ವಾಪಸ್ ಕಳಿಸುತ್ತೇನೆ. ಚೊಕ್ಕ ಬಾಟಲಿ ಬೇಕು, ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸಿರಬೇಕು. ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೇ ಅಂಟಿ ಕೂರುತ್ತದೆ.

ಆ ನೀರಲ್ಲಿ ತಾಮ್ರ, ನಿಕ್ಕಲ್, ಕಬ್ಬಿಣ ಎಲ್ಲ ಬೆರೆತಿರುತ್ತವೆ. ನನಗೆ ತಾಮ್ರ ಮಾತ್ರ ಬೇಕು, ಅದೆಷ್ಟಿದೆ ಅಂತ ಅಳೆಯಲು. ಮೊದಲು ಸಿಟ್ರೇಟ್ ಮತ್ತು ಇಡಿಟಿಎ, ಎರಡೂ ಲೋಹವನ್ನು ಹಿಡಿದಿಡುವ ರಾಸಾಯನಿಕಗಳು. ಆಮೇಲೆ ಅಮೋನಿಯಾ ಹಾಕಿ ಪಿಎಚ್ 9ರ ಹತ್ತಿರ ತರುತ್ತೇನೆ. ಸಿಟ್ರೇಟ್ ಇರುವುದರಿಂದ ಕಬ್ಬಿಣ ಗಸಿಯಾಗಿ ಇಳಿಯುವುದಿಲ್ಲ. ಇಡಿಟಿಎ ನಿಕ್ಕಲ್, ಕಬ್ಬಿಣಗಳನ್ನು ಹಿಡಿದು ನೀರಲ್ಲೇ ಇಟ್ಟುಕೊಳ್ಳುತ್ತದೆ. ಅದು ತಾಮ್ರವನ್ನೂ ಹಿಡಿಯುತ್ತದೆ ನಿಜ. ಆದರೆ ತಾಮ್ರದ ಜೊತೆ ಸೇರಿ ಬಣ್ಣ ಕೊಡುವ ಸೋಡಿಯಂ ಡೈಥೈಲ್ ಡೈಥಯೋಕಾರ್ಬಮೇಟ್ ಬಿದ್ದ ಕೂಡಲೇ ತಾಮ್ರ ಆ ಕಡೆ ವಾಲುತ್ತದೆ. ಅದರ ಹಿಡಿತ ಅಷ್ಟು ಗಟ್ಟಿ. ಆಗ ಕೆಳಗೆ ಸ್ಟಾಪ್‌ಕಾಕ್ (ನಲ್ಲಿ), ಮೇಲೆ ಸ್ಟಾಪರ್ (ಬಿರಡೆ) ಇರುವ ಸೆಪರೇಟಿಂಗ್ ಫನಲ್‌ನಲ್ಲಿ ಕ್ಲೋರೋಫಾರ್ಮ್ ಸುರಿದು ಅಲ್ಲಾಡಿಸಿದರೆ ಹಳದಿ ಕಂದು ಬಣ್ಣ ಕೆಳಗಿನ ಪದರಕ್ಕೆ ಇಳಿಯುತ್ತದೆ. ಕ್ಲೋರೋಫಾರ್ಮ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಹಾಗಾಗಿ ಕೆಳಗೆ ಕೂರುವುದು ಅದೇ.

"ಮೇಡಂ, ಐಸಿಪಿ ಮಿಷನ್ ಇರುವಾಗ ಇದ್ಯಾಕೆ?" ಎಂದು ಹೊಸ ಹುಡುಗ ಕೇಳಿದ. ಐಸಿಪಿ ಅಂದರೆ ಹಲವು ಲೋಹಗಳನ್ನು ಒಟ್ಟಿಗೇ ಅಳೆಯುವ ಯಂತ್ರ. ಅದು ಇರಲಿ, ದಿನದ ಕೆಲಸಕ್ಕೆ ಅದೇ ಸರಿ. ಆದರೆ 100 ಮಿಲಿ ಬೋರ್‌ವೆಲ್ ನೀರಿನ ತಾಮ್ರವನ್ನು 10 ಮಿಲಿ ಕ್ಲೋರೋಫಾರ್ಮಿಗೆ ಎಳೆದರೆ ಅದು ಹತ್ತು ಪಟ್ಟು ಗಾಢವಾಗುತ್ತದೆ. ಉಪ್ಪೆಲ್ಲ ಮೇಲಿನ ನೀರಲ್ಲೇ ಉಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ತಾಮ್ರಕ್ಕೆ ಹೇಳುವ ಸ್ವೀಕಾರಾರ್ಹ ಮಟ್ಟ ಲೀಟರಿಗೆ 0.05 ಮಿಲಿಗ್ರಾಂ. ಅಷ್ಟು ಕಡಿಮೆಯನ್ನು ಬಣ್ಣದ ಗಾಢತೆ ಅಳೆಯುವ ಒಂದು ಸಾದಾ ಸ್ಪೆಕ್ಟ್ರೋಫೋಟೋಮೀಟರ್ 436 ನ್ಯಾನೋಮೀಟರ್ ಬೆಳಕಿನಲ್ಲಿ ಓದುತ್ತದೆ ಅಂದರೆ ಅದಕ್ಕೆ ಈ ಎಳೆತವೇ ಕಾರಣ. ಓದುವುದನ್ನು ಮಾತ್ರ ತಡ ಮಾಡಬಾರದು, ಬೆಳಕಿಗೆ ಆ ಬಣ್ಣ ಮಾಸುತ್ತದೆ.

ಹುಡುಗನಿಗೆ ಇನ್ನೊಂದು ಲೆಕ್ಕ ಕೊಟ್ಟೆ. ಒಂದು ಲೋಹ ನೀರಿಗಿಂತ ಕ್ಲೋರೋಫಾರ್ಮಿನಲ್ಲಿ ಹತ್ತು ಪಟ್ಟು ಸಾಂದ್ರವಾಗಿ ಸೇರುತ್ತದೆ ಅಂತ ಇಟ್ಟುಕೋ. 50 ಮಿಲಿ ನೀರಿಗೆ 50 ಮಿಲಿ ಕ್ಲೋರೋಫಾರ್ಮ್ ಒಂದೇ ಸಲ ಹಾಕಿದರೆ ನೀರಲ್ಲಿ ಸುಮಾರು 9 ಶೇಕಡಾ ಉಳಿಯುತ್ತದೆ. ಅದನ್ನೇ 25ರಂತೆ ಎರಡು ಸಲ ಹಾಕಿದರೆ 3 ಶೇಕಡಾಕ್ಕಿಂತ ಕಡಿಮೆ. ಅವನು ನಂಬದೆ ಕ್ಯಾಲ್ಕುಲೇಟರ್ ತೆಗೆದ. ನನಗೆ ಅದು ಇಷ್ಟವಾಯಿತು.

ಜೋರಾಗಿ ಕುಲುಕುವುದರಲ್ಲಿ ಏನೂ ಸಾಧನೆ ಇಲ್ಲ. ಸೋಪು, ಎಣ್ಣೆ ಇದ್ದ ನೀರಾದರೆ ಬಿಳಿ ನೊರೆ ಎದ್ದು ಪದರವೇ ಬಿಡುವುದಿಲ್ಲ. ಮಧ್ಯೆ ಮಧ್ಯೆ ಫನಲ್ ತಲೆಕೆಳಗು ಮಾಡಿ ಸ್ಟಾಪ್‌ಕಾಕ್ ತೆರೆದು ಆವಿ ಬಿಡಬೇಕು. ಇದೆಲ್ಲ ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ. ಬಳಸಿದ ಕ್ಲೋರೋಫಾರ್ಮ್ ಸಿಂಕಿಗಲ್ಲ, ಅದರದೇ ಕ್ಯಾನಿಗೆ.

ಕೆಲಸಕ್ಕೆ ಬರುವವರನ್ನು ಈಗೀಗ ನಾನು ಸುಮ್ನೆ ಒಂದು ಪ್ರಶ್ನೆ ಕೇಳುತ್ತೇನೆ: ಫನಲ್‌ನ ಮೇಲಿನ ಸ್ಟಾಪರ್ ತೆಗೆಯದೆ ಕೆಳಗಿನ ಸ್ಟಾಪ್‌ಕಾಕ್ ತಿರುಗಿಸಿದರೆ ಏನಾಗುತ್ತದೆ? ಒಂದಿಷ್ಟು ತೊಟ್ಟಿಕ್ಕಿ ನಿಂತುಬಿಡುತ್ತದೆ ಅಂತ ಥಟ್ಟನೆ ಹೇಳುವವರು ಕೈಯಾರೆ ಮಾಡಿದವರು. ಅವರ ಮಾರ್ಕ್ಸ್ ಕಾರ್ಡ್ ನಾನು ಜಾಸ್ತಿ ನೋಡುವುದಿಲ್ಲ.