ಮೀಟರ್ ತಳಕ್ಕೆ ಇಳಿಯಿತೇ?

ಮೊನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಮೊಬೈಲಿಗೆ ಒಂದು ಪರ್ಮಿಟ್ ಕಾಗದದ, ಅಂದರೆ ಅಪಾಯದ ಕೆಲಸಕ್ಕೆ ಮೊದಲು ಬರೆಯುವ ಅನುಮತಿ ಪತ್ರದ, ಫೋಟೋ ಬಂತು. ಕಳಿಸಿದವನು ನನ್ನ ಬಳಿ ಕೆಲಸ ಕಲಿತ ಹುಡುಗ. ಈಗ ಬೇರೊಂದು ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ. ‘ಸರ್, ಟ್ಯಾಂಕಿನೊಳಗೆ ಜನ ಇಳಿಸಬೇಕು, ಎಲ್ಲ ಸರಿಯಿದೆಯೇ ಒಮ್ಮೆ ನೋಡಿ’ ಎಂದು ಕೆಳಗೆ ಬರೆದಿದ್ದ. ನೋಡಿದೆ. ಮೀಟರಿನಲ್ಲಿ ಆಮ್ಲಜನಕ ಶೇ 20.9, ಹೊರಗಿನ ಗಾಳಿಯಲ್ಲಿರುವಷ್ಟೇ. ಹದಿನೆಂಟು ಚೌಕಗಳಿಗೂ ಟಿಕ್ ಬಿದ್ದಿತ್ತು, ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ. ಅಷ್ಟು ಸಲೀಸಾಗಿ ಸಾಲುಗಟ್ಟಿದ ಟಿಕ್‌ಗಳನ್ನು ಕಂಡರೆ ನನಗೆ ತುತ್ತು ಇಳಿಯುವುದಿಲ್ಲ. ಮೂರೇ ಪದ ಬರೆದು ಕಳಿಸಿದೆ: ‘ಮೀಟರ್ ತಳಕ್ಕೆ ಇಳಿಯಿತೇ?’

ಈ ಪ್ರಶ್ನೆ ನನ್ನದಲ್ಲ. 1999ರ ಏಪ್ರಿಲ್‌ನಲ್ಲಿ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಒಬ್ಬ ಫಿಟ್ಟರ್ ನನಗೆ ಹಾಕಿದ್ದು.

ಆಗ ನಾನು ಔಷಧದ ಕಚ್ಚಾ ಪುಡಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಇನ್‌ಚಾರ್ಜ್. ಕೆಮಿಕಲ್ ಡಿಪ್ಲೊಮಾ ಮುಗಿಸಿ ಐದು ವರ್ಷವಾಗಿತ್ತು. ಎಲ್ಲ ಗೊತ್ತಿದೆ ಎಂದುಕೊಳ್ಳುವುದಕ್ಕೆ ಹೇಳಿ ಮಾಡಿಸಿದ ವಯಸ್ಸು. ಆರು ಸಾವಿರ ಲೀಟರಿನ ಸ್ಟೀಲ್ ರಿಯಾಕ್ಟರಿನ, ಅಂದರೆ ರಾಸಾಯನಿಕ ಬೆರೆಸಿ ಕುದಿಸುವ ಟ್ಯಾಂಕಿನ, ತಳದಲ್ಲಿ, ಕಲಕುವ ರೆಕ್ಕೆಯ ಸುತ್ತ, ಮಾಲು ಗಟ್ಟಿ ಕಟ್ಟಿ ಕುಳಿತಿತ್ತು. ಟಾಲ್ವಿನ್ (ಟೊಲುಯೀನ್) ಎಂಬ ದ್ರಾವಕ ಹಾಕಿ ಕುದಿಸಿದರೂ ಕರಗಲಿಲ್ಲ. ತೊಳೆದು, ನೀರು ತುಂಬಿಸಿ ಖಾಲಿ ಮಾಡಿ, ಇಬ್ಬರು ಗುತ್ತಿಗೆ ಕಾರ್ಮಿಕರನ್ನು ಒಳಗೆ ಇಳಿಸಿ ಕೆರೆಸುವುದೆಂದು ತೀರ್ಮಾನವಾಯಿತು.

ಟಾಲ್ವಿನ್ ಇದ್ದಲ್ಲಿ ನೈಟ್ರೋಜನ್ ಇರಲೇಬೇಕು. ಟಾಲ್ವಿನ್ ಆವಿ ಗಾಳಿಯೊಂದಿಗೆ ಬೆರೆತು, ಒಂದು ಕಿಡಿ ಸಿಕ್ಕರೆ ಮುಗಿಯಿತು. ಆ ಕಿಡಿಗೆ ಬೆಂಕಿಕಡ್ಡಿಯೂ ಬೇಡ. ಬೀದರಿನ ಒಣ ಹವೆಯಲ್ಲಿ ಪ್ಲಾಸ್ಟಿಕ್ ಚೀಲದಿಂದ ಪುಡಿ ಸುರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತೇ ಸಾಕು. ಅದಕ್ಕಾಗಿ ರಿಯಾಕ್ಟರಿಗೆ ನೈಟ್ರೋಜನ್ ತುಂಬಿಸಿ ಆಮ್ಲಜನಕವನ್ನು ಹೊರಗಟ್ಟುತ್ತೇವೆ. ಉರಿಯಲು ಬೇಕಾದ ಗಾಳಿಯೇ ಇಲ್ಲದಿದ್ದರೆ ಬೆಂಕಿ ಎಲ್ಲಿಂದ ಬರಬೇಕು? ಆದರೆ ಬೆಂಕಿಗೆ ಬೇಕಾದ ಗಾಳಿಯೇ ಮನುಷ್ಯನಿಗೂ ಬೇಕಾದದ್ದು.

ನೈಟ್ರೋಜನ್ ವಿಷವಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಶೇ 78 ಅದೇ. ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಕೆರೆಯುವುದಿಲ್ಲ. ಉಸಿರುಗಟ್ಟುವಾಗ ನಮಗೆ ಆಗುವ ಸಂಕಟ ಆಮ್ಲಜನಕದ ಕೊರತೆಯಿಂದ ಹುಟ್ಟುವುದಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದರಿಂದ ಹುಟ್ಟುವುದು. ನೈಟ್ರೋಜನ್ ತುಂಬಿದಲ್ಲಿ ಮನುಷ್ಯ ಉಸಿರು ಬಿಡುತ್ತಲೇ ಇರುತ್ತಾನೆ, ಆ ಡೈಆಕ್ಸೈಡ್ ಹೊರಗೆ ಹೋಗುತ್ತಲೇ ಇರುತ್ತದೆ. ಹಾಗಾಗಿ ಸಂಕಟವೇ ಆಗುವುದಿಲ್ಲ. ಶುದ್ಧ ನೈಟ್ರೋಜನ್ ಆದರೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪುತ್ತದೆ. ಕೂಗಲು ಬಾಯಿ ತೆರೆಯುವಷ್ಟೂ ಹೊತ್ತು ಸಿಗುವುದಿಲ್ಲ.

ಇದೆಲ್ಲ ಪುಸ್ತಕದಲ್ಲಿ ಓದಿದ್ದೆ. ನೈಟ್ರೋಜನ್ ಲೈನಿನ ವಾಲ್ವ್ ಮುಚ್ಚಿಸಿದ್ದೆ. ಮ್ಯಾನ್‌ಹೋಲ್ ತೆರೆಸಿ, ಬ್ಲೋವರಿನ ಹೋಸನ್ನು ಅದರ ಕುತ್ತಿಗೆಗೆ ತೂಗುಬಿಡಿಸಿದ್ದೆ. ಒಳಗೆ ಬಿಡಲು 24 ವೋಲ್ಟಿನ ದೀಪವನ್ನೂ ತರಿಸಿದ್ದೆ. ಮ್ಯಾನ್‌ಹೋಲಿನ ಬಾಯಿಗೆ ಮೀಟರ್ ಹಿಡಿದೆ, 20.9 ತೋರಿಸಿತು. ಬರೆದೆ. ಸಹಿಗೆ ಪೆನ್ನು ಊರಿದ್ದೆ.

ಫಿಟ್ಟರ್ ಚಾಚಾ ಬಂದದ್ದು ಆಗ. ಹೆಸರು ಹಿಡಿದು ಅವರನ್ನು ಯಾರೂ ಕರೆದದ್ದು ಕೇಳಿಲ್ಲ, ಮ್ಯಾನೇಜರರೂ ಚಾಚಾ ಎನ್ನುತ್ತಿದ್ದರು. ಓದು ಬರಹ ಇರಲಿಲ್ಲ. ಪರ್ಮಿಟ್ ಕಾಗದವನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ನೋಡಿ ವಾಪಸು ಕೊಡುವ ಅಭ್ಯಾಸ ಅವರದು, ನಾವು ನಗುತ್ತಿದ್ದೆವು. ಅಂದು ಕಾಗದ ನೋಡಲಿಲ್ಲ, ಮೀಟರಿನ ಪೆಟ್ಟಿಗೆ ನೋಡಿದರು. ಅದರ ಮೂಲೆಯಲ್ಲಿ ಐದು ಮೀಟರಿನ ರಬ್ಬರ್ ಟ್ಯೂಬ್ ಸುರುಳಿ ಸುತ್ತಿಕೊಂಡು ಮಲಗಿತ್ತು. ಕಂಪನಿಯಿಂದ ಬಂದಾಗ ಬಿಗಿದಿದ್ದ ಪ್ಲಾಸ್ಟಿಕ್ ಪಟ್ಟಿ ಹಾಗೆಯೇ ಇತ್ತು, ಯಾರೂ ಬಿಚ್ಚಿರಲೇ ಇಲ್ಲ.

“ಸಾಹೇಬರೇ, ಮೀಟರ್ ತಳಕ್ಕೆ ಇಳಿಯಿತೇ?”

ಕೋಪ ಬಂತು, ಸುಳ್ಳೇಕೆ ಹೇಳಲಿ. ಇಬ್ಬರು ಹೆಲ್ಪರ್‌ಗಳ ಎದುರು ಕೇಳಿದ್ದರು. ಪಟ್ಟಿ ಕತ್ತರಿಸಿ ಟ್ಯೂಬ್ ಬಿಟ್ಟೆ. ಅದರ ಬುಡಕ್ಕೆ ನಿಂಬೆಹಣ್ಣಿನಷ್ಟು ಗಾತ್ರದ ರಬ್ಬರ್ ಬುಡ್ಡೆ. ಅದನ್ನು ಹಿಚುಕಿ ಹಿಚುಕಿ ಒಳಗಿನ ಗಾಳಿಯನ್ನು ಮೀಟರಿಗೆ ಎಳೆಯಬೇಕು. ಹಿಚುಕಿದೆ. 20.9. ಇನ್ನಷ್ಟು ಬಿಟ್ಟೆ. 20.3. ಹಿಚುಕುತ್ತಲೇ ಇದ್ದೆ. 18.7. ಮೀಟರ್ ಕಿರುಚತೊಡಗಿತು. 19.5ಕ್ಕಿಂತ ಕೆಳಗೆ ಹೋದರೆ ಕಿರುಚಬೇಕು, ಅದರ ಕೆಲಸವೇ ಅದು. 16.1. ಟ್ಯೂಬಿನ ತುದಿ ರೆಕ್ಕೆಗೆ ತಗುಲಿದಾಗ 11.8. ಹೆಲ್ಪರ್‌ಗಳಲ್ಲಿ ಒಬ್ಬ ಆಗಲೇ ಚಪ್ಪಲಿ ಬಿಟ್ಟು ಏಣಿಯ ಹತ್ತಿರ ನಿಂತಿದ್ದ.

ನೈಟ್ರೋಜನ್ ಬರುತ್ತಿದ್ದದ್ದು ತಳದವರೆಗೆ ಇಳಿಬಿಟ್ಟ ಪೈಪಿನಿಂದ. ವಾಲ್ವ್ ಮುಚ್ಚಿತ್ತು, ಆದರೆ ಪಾಸಾಗುತ್ತಿತ್ತು. ಮುಚ್ಚಿದ ವಾಲ್ವ್ ಒಳಗೊಳಗೇ ಸೋರುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಮಕ್ಕಳು ಪಾಸಾದರೆ ಪೇಢೆ ಹಂಚಬಹುದು, ವಾಲ್ವ್ ಪಾಸಾದರೆ ಹಂಚುವುದು ಬೇರೆ. ಬ್ಲೋವರಿನ ಗಾಳಿ ಕುತ್ತಿಗೆಯಲ್ಲೇ ಸುತ್ತಿ ಹೊರಬರುತ್ತಿತ್ತು. ನನ್ನ 20.9 ಆ ಕುತ್ತಿಗೆಯ ಲೆಕ್ಕ.

ಚಾಚಾ ಮಾತಾಡದೆ ಸ್ಪ್ಯಾನರ್ ತಂದರು. ಎರಡು ಪೈಪುಗಳು ಸೇರುವ ಫ್ಲೇಂಜಿನ ನಟ್ಟು ಸಡಿಲಿಸಿ, ಎರಡರ ನಡುವೆ ಬ್ಲೈಂಡ್ ಹಾಕಿದರು. ಬ್ಲೈಂಡ್ ಎಂದರೆ ಮತ್ತೇನಲ್ಲ, ಅಂಗೈಯಗಲದ ಕಬ್ಬಿಣದ ಬಿಲ್ಲೆ, ಹೊರಗೆ ಕಾಣುವಂತೆ ಒಂದು ಬಾಲ. ವಾಲ್ವ್ ಸೋರಬಹುದು, ಯಾರೋ ತಿಳಿಯದೆ ತಿರುಗಿಸಬಹುದು. ಬಿಲ್ಲೆ ತಿರುಗುವುದಿಲ್ಲ.

ಭೋಪಾಲ್ ಎಂದಾಗ ನನಗೆ ಮೊದಲು ನೆನಪಾಗುವುದು ಈ ಬಿಲ್ಲೆಯೇ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ಪೈಪುಗಳನ್ನು ನೀರಿನಿಂದ ತೊಳೆಯುತ್ತಿದ್ದರು, ಬ್ಲೈಂಡ್ ಹಾಕಿರಲಿಲ್ಲ. ನೀರು 610ನೇ ಟ್ಯಾಂಕಿನಲ್ಲಿದ್ದ ವಿಷ ದ್ರವ ಮೀಥೈಲ್ ಐಸೋಸಯನೇಟ್‌ಗೆ ಸೇರಿದ್ದು ಆ ದಾರಿಯಿಂದಲೇ ಎಂಬುದನ್ನು ಯೂನಿಯನ್ ಕಾರ್ಬೈಡ್ ಕಂಪನಿ ಒಪ್ಪಲಿಲ್ಲ, ಯಾರೋ ಬೇಕೆಂದೇ ನೀರು ಬಿಟ್ಟರು ಎಂದು ವಾದಿಸಿತು. ಆ ವಾದ ಏನೇ ಇರಲಿ, ಟ್ಯಾಂಕನ್ನು ತಂಪಾಗಿಡುವ ಯಂತ್ರ ತಿಂಗಳುಗಳ ಹಿಂದೆಯೇ ನಿಂತಿತ್ತು, ಸೋರಿದ ಅನಿಲವನ್ನು ಸುಡಬೇಕಾದ ಫ್ಲೇರ್‌ಗೆ ಹೋಗುವ ಪೈಪು ಕಳಚಿಟ್ಟಿತ್ತು. ಇವೆಲ್ಲ ಕಾಗದದ ಮೇಲೆ ಇದ್ದ ರಕ್ಷಣೆಗಳು.

ಮಾರನೆಯ ದಿನ ಬ್ಲೋವರಿನ ಹೋಸನ್ನು ತಳಕ್ಕೆ ಬಿಡಿಸಿ, ಮೇಲೆ, ನಡುವೆ, ಕೆಳಗೆ ಅಳೆದೆ. ಮೂರೂ ಕಡೆ 20.9. ಇಬ್ಬರೂ ಸೊಂಟಕ್ಕೆ ಬೆಲ್ಟ್, ಬೆಲ್ಟಿಗೆ ಹಗ್ಗ ಕಟ್ಟಿಕೊಂಡು ಇಳಿದರು. ಹಗ್ಗದ ಇನ್ನೊಂದು ತುದಿ ಚಾಚಾ ಕೈಯಲ್ಲಿತ್ತು. ಇದು ಚಾಚಾ ಕಂಡುಹಿಡಿದದ್ದೇನಲ್ಲ. ನಾವು ಕೆಲಸ ಕಲಿತಾಗ ಇದ್ದ 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಮಿನಲ್ಲೇ ಆ ಹಗ್ಗವಿತ್ತು, ಹೊರಗಿನವನು ಹಿಡಿದ ತುದಿಯೂ ಇತ್ತು. ಉಸಿರಾಟದ ಉಪಕರಣ ಹಾಕಿಕೊಂಡು ಇಳಿಯುವವನಿಗೆ ಅದು. ಹಾಗಲ್ಲದಿದ್ದರೆ ಒಳಗಿನ ಗಾಳಿ ಸರಿಯಿದೆ ಎಂದು ಅರ್ಹ ವ್ಯಕ್ತಿ ಲಿಖಿತ ಪ್ರಮಾಣಪತ್ರ ಕೊಡಬೇಕಿತ್ತು, ಅದೂ ತಾನೇ ಮಾಡಿದ ಪರೀಕ್ಷೆಯ ಆಧಾರದ ಮೇಲೆ. ಆ ಕಲಮನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ‘ತಾನೇ’ ಎಂಬುದು ಮಾತ್ರ ತಲೆಗೆ ಹತ್ತಿರಲಿಲ್ಲ.

ಹಗ್ಗದ ಬೆಲೆ ಗೊತ್ತಾಗುವುದು ಒಬ್ಬ ಬಿದ್ದ ಮೇಲೆ. ಬಿದ್ದವನನ್ನು ಎತ್ತಲು ಇನ್ನೊಬ್ಬ ಹಾರುತ್ತಾನೆ, ಅವನ ಹಿಂದೆ ಮತ್ತೊಬ್ಬ. ಕೆಲಸಗಾರರ ಸುರಕ್ಷತೆಯ ಸಂಶೋಧನೆ ನಡೆಸುವ ಅಮೆರಿಕದ ನಿಯೋಷ್ ಸಂಸ್ಥೆ 1986ರಲ್ಲೇ ಹೇಳಿತ್ತು: ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರು. ನಮ್ಮ ಊರುಗಳ ಒಳಚರಂಡಿ ಗುಂಡಿಗಳ ಸುದ್ದಿ ಓದಿ ನೋಡಿ, ಅದೇ ಕಥೆ.

ನಾಚಿಕೆಯ ವಿಷಯ ಇನ್ನೊಂದಿದೆ. ಆ ಘಟನೆಯನ್ನು ನಾನು ಎಲ್ಲಿಯೂ ದಾಖಲಿಸಲಿಲ್ಲ. ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನು ಬರೆಯುವ ನಿಯರ್ ಮಿಸ್ ರಿಜಿಸ್ಟರ್ ಇತ್ತು, ಹೊಸದರ ವಾಸನೆ ಹೋಗಿರಲಿಲ್ಲ. “ಏನೂ ಆಗಲಿಲ್ಲವಲ್ಲ, ಬರೆಯುವುದೇನಿದೆ?” ಎಂದರು ಮೇಲಿನವರು. ನನಗೂ ಅದೇ ಬೇಕಿತ್ತು, ಬರೆದರೆ ಮೊದಲು ಬರುವುದು ನನ್ನ ಹೆಸರೇ. ಗೇಟಿನ ಬಳಿ ‘ಅಪಘಾತರಹಿತ ದಿನಗಳು’ ಎಂಬ ಹಲಗೆಯಲ್ಲಿ 412 ಅಳಿಸಿ 413 ಬರೆದರು. ಪ್ರತಿ ವರ್ಷ ಮಾರ್ಚ್ 4ರಂದು ಎದೆಗೆ ಹಸಿರು ಬ್ಯಾಡ್ಜ್ ಚುಚ್ಚಿಕೊಂಡು ಸುರಕ್ಷತಾ ಪ್ರತಿಜ್ಞೆ ಓದುವಾಗ ನನಗೆ ಆ ಹಲಗೆ ಕಣ್ಣೆದುರು ಬರುತ್ತದೆ. ಅದರಲ್ಲಿ ಸುಳ್ಳು ಅಂಕಿ ಒಂದೂ ಇರಲಿಲ್ಲ.

ಆ ಪರ್ಮಿಟಿನ ಕಾರ್ಬನ್ ಪ್ರತಿ ನನ್ನ ಬಳಿ ಇದೆ. 20.9 ಹೊಡೆದುಹಾಕಿ ಪಕ್ಕದಲ್ಲಿ 11.8 ಬರೆದದ್ದು ಮಸುಕಾಗಿ ಕಾಣುತ್ತದೆ.

ಹುಡುಗನ ಉತ್ತರಕ್ಕೆ ಕಾದೆ. ಅನ್ನ ಆರಿತು. ಇಪ್ಪತ್ತು ನಿಮಿಷ ಕಳೆದು ಮೊಬೈಲ್ ಸದ್ದಾಯಿತು: ‘ಟ್ಯೂಬ್ ಸ್ಟೋರಿನಲ್ಲಿ ಇದೆಯಂತೆ ಸರ್, ತರಿಸುತ್ತಿದ್ದೇನೆ. ಅಲ್ಲಿಯವರೆಗೆ ಯಾರನ್ನೂ ಇಳಿಸುವುದಿಲ್ಲ.’