ಚೀನಾ ಆಫ್ರಿಕಾವನ್ನು ಕೊಂಡುಕೊಂಡಿದೆಯಾ?

ಇಲ್ಲ. ಕೀನ್ಯಾದ ನೈರೋಬಿಯಿಂದ ಊರಿಗೆ ಬಂದಾಗಲೆಲ್ಲ ಇದೇ ಪ್ರಶ್ನೆ. "ಚೀನಾದವರು ಆಫ್ರಿಕಾನ ಕೊಂಡೇಬಿಟ್ಟರಂತೆ, ಅವರಿಗಿಂತ ನಮ್ಮವರು ವಾಸಿ ಅಲ್ವಾ?" ಮೊದಲೆಲ್ಲ ಸಮಾಧಾನವಾಗಿ ಹೇಳುತ್ತಿದ್ದೆ. ಈಗ ಸಾಕಾಗಿದೆ.

ಆ 'ಕೊಳ್ಳುವ' ಮಾತೇ ನನಗೆ ಆಗಲ್ಲ. ಸಂತೆಗೆ ತಂದ ದನವಾ ಅದು? 54 ದೇಶಗಳಿವೆ ಅಲ್ಲಿ. ನನಗೆ ಗೊತ್ತಿರುವುದು ಕೀನ್ಯಾ ಒಂದೇ.

ಮೊಂಬಾಸಾ–ನೈರೋಬಿ ಹೊಸ ರೈಲು 2017ರಲ್ಲಿ ಶುರುವಾಯಿತು. 300 ಕೋಟಿ ಡಾಲರಿಗೂ ಜಾಸ್ತಿ ಖರ್ಚು, ಹೆಚ್ಚಿನ ಪಾಲು ಚೀನಾ ಸರ್ಕಾರದ ಎಕ್ಸಿಮ್ ಬ್ಯಾಂಕಿನ ಸಾಲ. ಆ ರೈಲಿಗಾಗಿ ಆಮದು ಸರಕಿನ ಮೇಲೆ ಒಂದು ಸುಂಕ ಹಾಕಿದ್ದಾರೆ, ಹಾಗಾಗಿ ಒಂದು ದಿನವೂ ರೈಲು ಹತ್ತದವರು ಕೂಡ ಹೊರಗಿನಿಂದ ಬಂದ ಸಾಮಾನು ಕೊಂಡಾಗ ಅದಕ್ಕೆ ದುಡ್ಡು ಕೊಡುತ್ತಾರೆ. ಆದರೆ ಸಾಲದ ಕಾಗದದಲ್ಲಿ ಏನಿದೆ ಅಂತ ಅವರಿಗೆ ತೋರಿಸಲೇ ಇಲ್ಲ. ಜನ ಕೇಳಿ ಕೇಳಿ, 2022ರ ನವೆಂಬರಿನಲ್ಲಿ ಒಂದಿಷ್ಟು ಪುಟ ಹೊರಬಂದವು.

ಪಶ್ಚಿಮದವರ ಸಾಲ ಹಗುರವಾ? 2014ರಲ್ಲಿ ಡಾಲರ್ ಬಾಂಡ್ ಮಾರಿ ಹೊರಗಿನ ಹೂಡಿಕೆದಾರರಿಂದ ತಂದ ಸಾಲ ತೀರಿಸಲು ಕೀನ್ಯಾ 2024ರ ಫೆಬ್ರವರಿಯಲ್ಲಿ ಮತ್ತೆ 150 ಕೋಟಿ ಡಾಲರ್ ಎತ್ತಿತು. ಬಡ್ಡಿ ಹೆಚ್ಚೂಕಮ್ಮಿ 10%. ಅದೇ ವರ್ಷ ಜೂನಿನಲ್ಲಿ, ಸಾಲದ ಹೊರೆ ಇಳಿಸಲೆಂದು ತರಲು ಹೊರಟ ಹೊಸ ತೆರಿಗೆಗಳ ವಿರುದ್ಧ ಹುಡುಗ ಹುಡುಗಿಯರು ಸಂಸತ್ತಿನೊಳಗೆ ನುಗ್ಗಿದರು. ಷರತ್ತು ಹಾಕಿ ಸಾಲ ಕೊಡುವ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮೇಲೂ ಅವರು ಸಿಟ್ಟಾಗಿದ್ದರು. ಗುಂಡೇಟಿಗೆ ಎಷ್ಟೋ ಮಕ್ಕಳು ಸತ್ತರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ನಮ್ಮವರು. ಹಾಸನದ ಒಂದು ಮದುವೆ ಊಟದಲ್ಲಿ ಹಿರಿಯರೊಬ್ಬರು ಇದೇ ಪ್ರಶ್ನೆ ಎತ್ತಿದಾಗ ರೈಲಿನ ಕಥೆಯ ಜೊತೆ ನೈರೋಬಿ ವಿಮಾನ ನಿಲ್ದಾಣದ ಕಥೆಯನ್ನೂ ಹೇಳಿದೆ. ಆ ನಿಲ್ದಾಣವನ್ನು 30 ವರ್ಷ ನಮ್ಮ ಅದಾನಿ ಕಂಪನಿಗೆ ಕೊಡುವ ಮಾತು ನಡೆದಿತ್ತು. ಜನಕ್ಕೆ ಗೊತ್ತಾಗಿದ್ದು ಸೋರಿ ಬಂದ ಕಾಗದಗಳಿಂದ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕೆಲಸಗಾರರು ಮುಷ್ಕರ ಹೂಡಿದರು, ನವೆಂಬರಿನಲ್ಲಿ ಅಧ್ಯಕ್ಷ ರೂಟೊ ಆ ಯೋಜನೆಯನ್ನೇ ಕೈಬಿಟ್ಟರು. "ಅದು ಬೇರೆ ವಿಷಯ ಬಿಡಪ್ಪ" ಅಂದರು ಹಿರಿಯರು. ಬೇರೆ ಹೇಗಾಗುತ್ತದೆ? ರೈಲಿನ ಸಾಲದಲ್ಲೂ ಇಲ್ಲೂ ಕೀನ್ಯಾದವರು ಕೇಳಿದ್ದು ಒಂದೇ: ನಮ್ಮ ಹೆಸರಲ್ಲಿ ಏನಕ್ಕೆ ಸಹಿ ಹಾಕುತ್ತಿದ್ದೀರಿ, ತೋರಿಸಿ.

ಆ ಹಿರಿಯರ ಪಕ್ಕದಲ್ಲಿ ಅವರ ಹೆಂಡತಿ ಕೂತಿದ್ದರು. ಅಷ್ಟು ಹೊತ್ತು ಸುಮ್ನೆ ಕೇಳಿಸಿಕೊಂಡು, "ಆ ರೈಲಿಗೆ ಟಿಕೆಟ್ ಎಷ್ಟು?" ಅಂದರು. ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಸಾದಾ ದರ್ಜೆಗೆ 1,000 ಕೀನ್ಯಾ ಶಿಲಿಂಗ್ ಇತ್ತು, 2024ರ ಜನವರಿಯಿಂದ 1,500 ಆಯಿತು ಅಂದೆ.

"ಸಂಬಳವೂ ಅಷ್ಟು ಏರಿತಾ?"

ಇಲ್ಲ ಅಂದೆ. ಪಾಯಸ ಬಂದು ಹೋದರೂ ನಮ್ಮಿಬ್ಬರ ಮಾತು ಮುಗಿಯಲಿಲ್ಲ.