ನನ್ನ ಟಿ-ಶರ್ಟ್ ಮೇಲಿನದು ಇಸಿಜಿ ಅಲ್ಲ

ಕಪ್ಪು ಟಿ-ಶರ್ಟ್. ಎದೆಯ ಮೇಲೆ ಒಂದರ ಕೆಳಗೊಂದು ಬಿಳಿಯ ಅಂಕುಡೊಂಕು ಗೆರೆಗಳು. ಹೆಸರಿಲ್ಲ, ಒಂದಕ್ಷರವೂ ಇಲ್ಲ. ಇದನ್ನು ತೊಟ್ಟು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಹತ್ತಿದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಏನಪ್ಪ ಇದು?" ಉತ್ತರಕ್ಕೂ ಕಾಯುವುದಿಲ್ಲ, ತಾವೇ ಊಹಿಸಿಬಿಡುತ್ತಾರೆ. ಎರಡನೆಯ ಮಹಡಿಯ ಡಾಕ್ಟರಮ್ಮನಿಗೆ ಇದು ಇಸಿಜಿ. ಸರ್ವೆ ಇಲಾಖೆಯಿಂದ ನಿವೃತ್ತರಾದ ಹಿರಿಯರಿಗೆ ಬೆಟ್ಟದ ಸಾಲು. ನನ್ನ ತಂಗಿಯ ಮಗಳಂತೂ "ಮಾಮ, ಪ್ರಿಂಟರ್ ಕೆಟ್ಟುಹೋಗಿತ್ತೇ?" ಎಂದಳು. ನಾಲ್ಕು ಮಹಡಿ ಏರುವಷ್ಟರಲ್ಲಿ "ಒಂದು ಬ್ಯಾಂಡಿನ ಮೊದಲ ಆಲ್ಬಮ್ಮಿನ ಮುಖಪುಟ" ಎಂದಷ್ಟೇ ಹೇಳಲು ಸಾಧ್ಯ. ಲಿಫ್ಟಿನಲ್ಲಿ ಹಿಡಿಸದ ಉತ್ತರ ಇಲ್ಲಿದೆ.

ಇಂಗ್ಲೆಂಡಿನ ಈ ರಾಕ್ ಬ್ಯಾಂಡಿನ ಹೆಸರು ಜಾಯ್ ಡಿವಿಷನ್, ಆಲ್ಬಮ್ 'ಅನ್‌ನೋನ್ ಪ್ಲೆಷರ್ಸ್', ಹೊರಬಂದದ್ದು 1979ರ ಜೂನ್‌ನಲ್ಲಿ. ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ: ನಾನು ಮೊದಲು ಕೊಂಡದ್ದು ಟಿ-ಶರ್ಟ್. ಫುಟ್‌ಪಾತ್ ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಂಡದ್ದು. ಹಾಡು ಕೇಳಿದ್ದು ಎಷ್ಟೋ ತಿಂಗಳ ಮೇಲೆ, ಅದೂ "ನಿನಗೆ ಆ ಬ್ಯಾಂಡ್ ಇಷ್ಟವೇ?" ಎಂದು ಸಹೋದ್ಯೋಗಿಯೊಬ್ಬ ಕೇಳಿದಾಗ ತಬ್ಬಿಬ್ಬಾದ ಮೇಲೆ.

ಮೊದಲು ಗೆರೆಗಳ ವಿಷಯ ಮುಗಿಸೋಣ. ಪಲ್ಸಾರ್ ಎಂದರೆ ನಮ್ಮಲ್ಲಿ ಎಲ್ಲರಿಗೂ ಬೈಕು ನೆನಪಾಗುತ್ತದೆ. ಆಕಾಶದ ಪಲ್ಸಾರ್ ಎಂದರೆ ಗಿರಗಿರನೆ ತಿರುಗುವ, ಸತ್ತ ನಕ್ಷತ್ರದ ತಿರುಳು. ಅದರ ರೇಡಿಯೋ ಕಿರಣ ದೀಪಸ್ತಂಭದ ಬೆಳಕಿನಂತೆ ಸುತ್ತುತ್ತಾ ಪ್ರತಿ ಸುತ್ತಿಗೊಮ್ಮೆ ನಮ್ಮನ್ನು ಹಾದುಹೋಗುತ್ತದೆ. 1967ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸಲಿನ್ ಬೆಲ್ ಮೊಟ್ಟಮೊದಲು ಕಂಡ ಪಲ್ಸಾರ್‌ನದೇ ಈ ಗೆರೆಗಳು. ಸುಮಾರು 1.337 ಸೆಕೆಂಡಿಗೊಂದು ಮಿಡಿತ. ಅಷ್ಟು ಕರಾರುವಾಕ್ಕಾದ ತಾಳ ಕೇಳಿ, ಅನ್ಯಲೋಕದವರ ಸಂದೇಶವಿರಬಹುದೇ ಎಂದು ಅರ್ಧ ತಮಾಷೆಗೆ ಅದಕ್ಕೆ 'ಪುಟ್ಟ ಹಸಿರು ಮನುಷ್ಯರು' ಎಂದು ಅಡ್ಡಹೆಸರಿಟ್ಟಿದ್ದರಂತೆ. (ನೊಬೆಲ್ ಮಾತ್ರ 1974ರಲ್ಲಿ ಬೆಲ್ ಅವರ ಮಾರ್ಗದರ್ಶಕರಿಗೆ ಹೋಯಿತು, ಆ ಸಿಟ್ಟಿಗೆ ಬೇರೆಯೇ ಬರಹ ಬೇಕು.)

ಚಿತ್ರ ಬರೆದವರು ಹೆರಾಲ್ಡ್ ಕ್ರಾಫ್ಟ್. ಪೋರ್ಟೊ ರಿಕೋದ ಅರೆಸಿಬೋ ರೇಡಿಯೋ ದೂರದರ್ಶಕದಲ್ಲಿ ಹಿಡಿದ ಸಾಲುಸಾಲು ಮಿಡಿತಗಳನ್ನು ಒಂದರ ಕೆಳಗೊಂದು ಪೇರಿಸಿ, 1970ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ಹಾಕಿದರು. ಗೆರೆಗಳು ಒಂದರೊಳಗೊಂದು ಹೆಣೆದುಕೊಂಡು ಗೋಜಲಾಗದಿರಲೆಂದು ಕಂಪ್ಯೂಟರಿಗೆ ಒಂದು ನಿಯಮ ಬರೆದರು: ಮುಂದಿನ ಗುಡ್ಡ ಎತ್ತರವಿದ್ದರೆ ಹಿಂದಿನದು ಅದರ ಮರೆಗೆ ಹೋಗಬೇಕು. ಗುಡ್ಡ ಎಂಬುದು ಅವರದೇ ಮಾತು. ಹಾಗಾಗಿ ಸರ್ವೆ ಇಲಾಖೆಯ ಹಿರಿಯರೇ ನಿಜಕ್ಕೆ ಹತ್ತಿರವಿದ್ದರು. ಇದನ್ನು ಹೇಳಿದಾಗ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಪಲ್ಸಾರ್‌ಗಳ ಮಿಡಿತವನ್ನು ನಮ್ಮ ಗೌರಿಬಿದನೂರಿನ ಬಯಲಿನಲ್ಲಿ ಸಾಲಾಗಿ ನೆಟ್ಟ ಆಂಟೆನಾಗಳೂ ಹಿಡಿದಿವೆ ಎಂದದ್ದಕ್ಕೆ, "ಆ ದಾರಿಯಲ್ಲಿ ನೂರು ಸಲ ಓಡಾಡಿದ್ದೇನೆ, ಯಾರೂ ಹೇಳಲಿಲ್ಲವಲ್ಲ" ಎಂದು ಬೇಸರಪಟ್ಟುಕೊಂಡರು.

ಈ ಚಿತ್ರ ಖಗೋಳಶಾಸ್ತ್ರದ ವಿಶ್ವಕೋಶವೊಂದರಲ್ಲಿ ಬ್ಯಾಂಡಿನ ಹುಡುಗರ ಕಣ್ಣಿಗೆ ಬಿತ್ತು. ವಿನ್ಯಾಸಕಾರ ಪೀಟರ್ ಸ್ಯಾವಿಲ್ ಬಿಳಿಯ ಹಾಳೆಯ ಕಪ್ಪು ಗೆರೆಗಳನ್ನು ತಿರುಗಾಮುರುಗಾ ಮಾಡಿ, ಕಪ್ಪಿನ ಮೇಲೆ ಬಿಳಿ ತಂದ. ಮುಖಪುಟದಲ್ಲಿ ಬ್ಯಾಂಡಿನ ಹೆಸರಾಗಲಿ ಆಲ್ಬಮ್ಮಿನ ಹೆಸರಾಗಲಿ ಇಲ್ಲ. ದೊಡ್ಡ ಕಂಪನಿಯಾಗಿದ್ದರೆ ಒಪ್ಪುತ್ತಿತ್ತೇ? ಇದನ್ನು ಹೊರತಂದ ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸ್ ಆಗಿನ್ನೂ ಹಸುಗೂಸು. ಮಾರುಕಟ್ಟೆಯ ಜಾಣತನ ಅದಕ್ಕೆ ತಿಳಿದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಚ್ಚುಹಾಕಿಸಿದ್ದು 10,000 ಪ್ರತಿ. ಆಗ ಅದು ಜನಪ್ರಿಯತೆಯ ಪಟ್ಟಿಯ ಹತ್ತಿರವೂ ಸುಳಿಯಲಿಲ್ಲ.

ಇನ್ನು "ಇಸಿಜಿ" ಎಂಬ ಉತ್ತರ. ಡಾಕ್ಟರಮ್ಮ ಹೇಳಿದರೆ ನಗುತ್ತೇನೆ. ಆದರೆ ಬ್ಯಾಂಡಿನ ಕಥೆ ತಿಳಿದವರೂ ಇದನ್ನೇ ಹೇಳುತ್ತಾರೆ, "ಗಾಯಕನ ಹೃದಯದ ಮಿಡಿತ, ಗೊತ್ತಲ್ಲ?" ಎಂದು ದನಿ ತಗ್ಗಿಸಿ. ಗಾಯಕ ಇಯಾನ್ ಕರ್ಟಿಸ್ 1980ರ ಮೇ 18ರಂದು, ಅಮೆರಿಕ ಪ್ರವಾಸಕ್ಕೆ ಹೊರಡುವ ಮುನ್ನ, ಇಪ್ಪತ್ಮೂರನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅಂದಿನಿಂದ ಈ ಆಲ್ಬಮ್ಮನ್ನು ಎಲ್ಲರೂ ಮರಣಪತ್ರದ ಹಾಗೆ ಓದುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ. ಕೊನೆಯ ಪುಟ ಓದಿಕೊಂಡು ಬಂದವರಿಗೆ ಮೊದಲ ಪುಟ ಕಾಣುವುದೇ ಇಲ್ಲ.

ಒಂದು ಹಾಡನ್ನೇ ನೋಡಿ, 'ಶೀಸ್ ಲಾಸ್ಟ್ ಕಂಟ್ರೋಲ್'. ಕರ್ಟಿಸ್ ಹಾಡುಗಾರನಷ್ಟೇ ಅಲ್ಲ, ಮ್ಯಾಕಲ್ಸ್‌ಫೀಲ್ಡ್ ಎಂಬ ಊರಿನ ಉದ್ಯೋಗ ವಿನಿಮಯ ಕೇಂದ್ರದಲ್ಲಿ ನೌಕರ. ಅಂಗವಿಕಲರಿಗೆ ಕೆಲಸ ಹುಡುಕಿಕೊಡುವುದು ಅವನ ಕೆಲಸ. ಅಲ್ಲಿಗೆ ಬರುತ್ತಿದ್ದ ಒಬ್ಬ ಯುವತಿಗೆ ಮೂರ್ಛೆ ರೋಗವಿತ್ತು. ಒಂದು ದಿನ ಆಕೆ ಬರುವುದು ನಿಂತಿತು. ಕೆಲಸ ಸಿಕ್ಕಿರಬೇಕು ಎಂದುಕೊಂಡ. ಆಕೆ ತೀರಿಕೊಂಡಳೆಂದು ಆಮೇಲೆ ತಿಳಿಯಿತು. ಹಾಡು ಹುಟ್ಟಿದ್ದು ಹೀಗೆ. ತನಗೂ ಅದೇ ಕಾಯಿಲೆ ಎಂದು ವೈದ್ಯರು ಅವನಿಗೆ ಹೇಳಿದ್ದು 1979ರ ಆರಂಭದಲ್ಲಿ. ಜನ ಇದನ್ನು ಅವನ ಆತ್ಮಕಥೆ ಎನ್ನುತ್ತಾರೆ. ನನಗೆ ಇದರಲ್ಲಿ ಕೇಳಿಸುವುದು ಮೇಜಿನ ಆ ಬದಿಯಲ್ಲಿ ಕೂತಿದ್ದವಳ ಬಗ್ಗೆ, ಈ ಬದಿಯಲ್ಲಿ ಕೂತಿದ್ದವನ ಕಳವಳ.

ಅದೇ ಹಾಡಿನ ತಾಳದಲ್ಲಿ 'ಚುಸ್' ಎಂಬ ಸದ್ದೊಂದಿದೆ. ವಾದ್ಯದ್ದಲ್ಲ, ಸ್ಪ್ರೇ ಡಬ್ಬಿಯದು. ಡ್ರಮ್ಮರ್ ಸ್ಟೀಫನ್ ಮಾರಿಸ್ ಪುಟ್ಟ ಕೋಣೆಯೊಳಗೆ ನಿಂತು ತಾಳಕ್ಕೆ ಸರಿಯಾಗಿ ಸ್ಪ್ರೇ ಒತ್ತಿ, ಕೊನೆಗೆ ಉಸಿರುಗಟ್ಟುವ ಹಾಗಾಯಿತಂತೆ. ಇದು ನಿರ್ಮಾಪಕ ಮಾರ್ಟಿನ್ ಹ್ಯಾನೆಟ್‌ನ ಕಿತಾಪತಿ. ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ, 1979ರ ಏಪ್ರಿಲ್‌ನ ಕೆಲವು ದಿನಗಳಲ್ಲಿ, ಈ ಮನುಷ್ಯ ನಾಲ್ವರು ಹುಡುಗರನ್ನು ಗೋಳುಹುಯ್ದುಕೊಂಡ. ಒಂದು ಡ್ರಮ್ಮಿನ ಸದ್ದು ಇನ್ನೊಂದಕ್ಕೆ ತಾಗಬಾರದೆಂದು ಒಂದೊಂದನ್ನೂ ಬೇರೆಬೇರೆಯಾಗಿ ಬಾರಿಸಿಸಿದ. ಒಂದು ಹಾಡಿನಲ್ಲಿ ದೂರದಿಂದ ಬಂದಂತೆ ಕೇಳಬೇಕೆಂದು ಕರ್ಟಿಸ್‌ನ ದನಿಯನ್ನು ಟೆಲಿಫೋನ್ ತಂತಿಯ ಮೂಲಕ ಹಾಯಿಸಿ ಹಿಡಿದ. ಗಾಜು ಒಡೆಸಿದ. ಸ್ಟುಡಿಯೋದ ಲಿಫ್ಟನ್ನೂ ಬಿಡಲಿಲ್ಲ, ಅದರ ಗರಗರ ಸದ್ದೂ ಆಲ್ಬಮ್ಮಿನಲ್ಲಿದೆ. ಬ್ಯಾಂಡಿನವರಿಗೆ ಬೇಕಿದ್ದದ್ದು ವೇದಿಕೆಯ ಮೇಲಿನ ತಮ್ಮ ಅಬ್ಬರ. ಕೈಗೆ ಬಂದದ್ದು ಖಾಲಿ ಗೋದಾಮಿನಲ್ಲಿ ಹೆಜ್ಜೆ ಸಪ್ಪಳ ಕೇಳಿದಂಥ ಸಂಗೀತ. ಗಿಟಾರಿನ ಬರ್ನಾರ್ಡ್ ಸಮ್ನರ್‌ಗೂ ತಗ್ಗು ಸ್ವರದ ಬೇಸ್ ಗಿಟಾರಿನ ಪೀಟರ್ ಹುಕ್‌ಗೂ ಅದು ಹಿಡಿಸಲಿಲ್ಲ. ಹ್ಯಾನೆಟ್ ಮಾಡಿದ್ದೇ ಸರಿ ಎಂಬುದು ನನ್ನ ಪಕ್ಷ. ಅವನ ಜೊತೆ ಒಂದು ದಿನವೂ ಕೆಲಸ ಮಾಡಲಾರೆ ಎಂಬುದೂ ನಿಜ.

ಹೊಸದಾಗಿ ಕೇಳುವವರು ಮೊದಲ ಹಾಡು 'ಡಿಸಾರ್ಡರ್' ಹಾಕಿ, ಪದಗಳನ್ನು ಬದಿಗಿಟ್ಟು ವಾದ್ಯಗಳನ್ನಷ್ಟೇ ಗಮನಿಸಿ. ಮೊದಲು ಡ್ರಮ್, ಆಮೇಲೆ ಬೇಸ್, ಗಿಟಾರ್ ಕೊನೆಗೆ. ರಾಗವನ್ನು ಹೊತ್ತು ನಡೆಯುವುದು ಬೇಸ್. ಸಮ್ನರ್‌ನ ಆಂಪ್ಲಿಫೈಯರ್ ಗದ್ದಲದಲ್ಲಿ ತನ್ನದು ತನಗೇ ಕೇಳದೆ, ಹುಕ್ ಮೇಲಿನ ಸ್ವರಗಳನ್ನು ಹಿಡಿದು ನುಡಿಸತೊಡಗಿದ್ದನಂತೆ. ಅನಿವಾರ್ಯಕ್ಕೆ ಕಲಿತದ್ದೇ ಬ್ಯಾಂಡಿನ ಗುರುತಾಯಿತು. ಇದೆಲ್ಲದರ ಕೆಳಗೆ ಮಾರಿಸ್‌ನ ಡ್ರಮ್ ಎಳ್ಳಷ್ಟೂ ಆಚೀಚೆಯಾಗದೆ ಓಡುತ್ತದೆ. ಪಲ್ಸಾರ್‌ನಂತೆ: ಗುಡ್ಡಗಳ ಎತ್ತರ ಒಂದೊಂದು ಗೆರೆಗೂ ಬೇರೆ, ಆದರೆ ಗೆರೆಯಿಂದ ಗೆರೆಗೆ ಇರುವ ಕಾಲ ಒಂದೇ. ಸಾಯುತ್ತಿರುವ ಎದೆ ಹೀಗೆ ಮಿಡಿಯುವುದಿಲ್ಲ, ಡಾಕ್ಟರಮ್ಮನನ್ನೇ ಕೇಳಿ.

ಟಿ-ಶರ್ಟ್ ಈಗ ಹಳತಾಗಿದೆ. ಅಚ್ಚು ಇಸ್ತ್ರಿಪೆಟ್ಟಿಗೆಗೆ ಅಂಟುತ್ತದೆಂದು ಮೂಲೆಯ ಇಸ್ತ್ರಿ ಅಂಗಡಿಯವರು ಅದನ್ನು ಒಳಮೈ ಹೊರಗೆ ಮಾಡಿಯೇ ಉಜ್ಜುತ್ತಾರೆ. ಆ ರೆಕಾರ್ಡಿನ ಎರಡು ಮಗ್ಗುಲಿಗೂ ಎ, ಬಿ ಎಂಬ ಹೆಸರಿಲ್ಲ. ಒಂದು 'ಹೊರಗು', ಇನ್ನೊಂದು 'ಒಳಗು'. ಇದನ್ನು ಅವರಿಗೆ ಹೇಳಿದೆ. "ಹಾಗಾದರೆ ನಾನು ಮಾಡಿದ್ದು ಸರಿಯಾಗಿದೆ" ಎಂದು ಮಡಿಸಿಕೊಟ್ಟರು.

ಕ್ರಾಫ್ಟ್ ಅವರಿಗೆ ತಮ್ಮ ಚಿತ್ರ ಎಲ್ಲಿಗೆ ಹೋಯಿತೆಂಬುದೇ ಎಷ್ಟೋ ಕಾಲ ಗೊತ್ತಿರಲಿಲ್ಲ. ಯಾರೋ ಹೇಳಿದ ಮೇಲೆ ರೆಕಾರ್ಡ್ ಅಂಗಡಿಗೆ ಹೋಗಿ ನೋಡಿದರು, ಎದುರಿಗೇ ಇತ್ತು. ಒಂದು ಆಲ್ಬಮ್ ಕೊಂಡರು. ಪಕ್ಕದಲ್ಲಿ ಪೋಸ್ಟರೂ ಇತ್ತು, ಅದನ್ನೂ ಕೊಂಡರು. ತಮ್ಮದೇ ಚಿತ್ರ, ಒಂದು ಪ್ರತಿ ಮನೆಯಲ್ಲಿರಲಿ ಎಂದು.